ಮೇಲಕ್ಕೆ ಹೋಗದ ಕುರ್ಚಿಗಳು

ನಮ್ಮ ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಮೊದಲು ಇದನ್ನು ಹೇಳುತ್ತೇನೆ. ಉಳಿದದ್ದು ಆಮೇಲೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವು ಬಟ್ಟೆ ಒಗೆಯುತ್ತೇವೆ, ಒತ್ತುತ್ತೇವೆ, ಮಡಿಸುತ್ತೇವೆ. ಮೇಲಿನ ಮಹಡಿಗಳಿಂದ ಒಂದು ತಗಡಿನ ಕೊಳವೆ ಗೋಡೆಯೊಳಗಿಂದ ಇಳಿದು ಬಂದಿದೆ. ಕೊಳೆಯಾದ ಹಾಸು, ಹೊದಿಕೆ, ರೋಗಿಗಳ ನಿಲುವಂಗಿ ಎಲ್ಲವೂ ಮೂಟೆಯಾಗಿ ಅದರೊಳಗಿಂದ ಬೀಳುತ್ತವೆ. ಹಗಲೆಲ್ಲ ಧಪ್, ಧಪ್. ಹೊಸಬರು ಬೆಚ್ಚಿಬೀಳುತ್ತಾರೆ. ಹಳಬರಾದ ನಮಗೆ ಸದ್ದಿನಿಂದಲೇ ತಿಳಿಯುತ್ತದೆ. ರಕ್ತವಿದ್ದ ಮೂಟೆ ಭಾರವಾಗಿ ಬೀಳುತ್ತದೆ.

ನಾನು ಬಿಸಿ ರೋಲರಿನ ಮುಂದೆ ನಿಲ್ಲುವವಳು. ಒಂದರ ಮೇಲೊಂದು ಎರಡು ಉದ್ದನೆಯ ಉರುಳೆಗಳು ಕಾದು ತಿರುಗುತ್ತಿರುತ್ತವೆ. ಒದ್ದೆ ಹಾಸಿನ ಒಂದು ತುದಿಯನ್ನು ಒಬ್ಬಳು, ಇನ್ನೊಂದು ತುದಿಯನ್ನು ಇನ್ನೊಬ್ಬಳು ಹಿಡಿದು, ಎಳೆದು ಬಿಗಿ ಮಾಡಿ, ಅವುಗಳ ಬಾಯಿಗೆ ಕೊಡಬೇಕು. ಅದು ಎಳೆದುಕೊಳ್ಳುತ್ತದೆ. ಕೊಟ್ಟ ಕೂಡಲೇ ಮುಂದಿನದು. ಎಲ್ಲವನ್ನೂ ನಿಂತೇ ಮಾಡಬೇಕು. ಕಾಲಿನ ನರಗಳು ಹಗ್ಗದ ಹಾಗೆ ಎದ್ದಿವೆ. ಮುಖ ಬೇಯುತ್ತದೆ. ಮೈಯ ಬೆವರು ಕಾಲಿನ ಕಡೆ ಇಳಿದು ಚಪ್ಪಲಿ ಜಾರುತ್ತದೆ.

ಆ ಇನ್ನೊಂದು ತುದಿಯನ್ನು ಹಿಡಿಯುತ್ತಿದ್ದವಳು ನನ್ನ ಸೊಸೆ.

ಅತ್ತೆ ಸೊಸೆ ಒಂದೇ ಬಟ್ಟೆಯ ಎರಡು ತುದಿ ಎಳೆಯುತ್ತಿದ್ದಾರೆಂದು ಜತೆಯವರಿಗೆ ನಗೆ. ಮಡಿಸುವ ಮೇಜಿನ ಹತ್ತಿರ ನಿಲ್ಲುವವಳಿಗೆ ನಾವೆಲ್ಲ ಬಾಯಿಬಡಕಿ ಎನ್ನುತ್ತಿದ್ದೆವು. ಅವಳೂ ಆ ಹೆಸರನ್ನು ಒಪ್ಪಿಕೊಂಡಿದ್ದಳು. ದಿನಾ ಒಂದು ಸಲ ಅವಳು ಕೇಳಲೇಬೇಕು.

"ಏನೇ, ಇವತ್ತು ಯಾರ ಕಡೆ ಜಾಸ್ತಿ ಎಳೀತು?"

"ಅತ್ತೆ ಕಡೆ," ಎನ್ನುವಳು ಸೊಸೆ. "ಮನೇಲೂ ಅಷ್ಟೇ."

ನನ್ನ ಮಗ ಇನ್ನೊಬ್ಬಳ ಜತೆ ಹೊರಟುಹೋದಾಗ ಇವಳ ತವರಿನವರು ಕರೆದುಕೊಂಡು ಹೋಗಲು ಬಂದಿದ್ದರು. "ನಾನು ಬಂದ್ರೆ ಅತ್ತೆ ಜತೆ ಬಟ್ಟೆ ಹಿಡಿಯೋರು ಯಾರು?" ಎಂದು ಹೇಳಿ, ಊಟ ಹಾಕಿ, ವಾಪಸು ಕಳಿಸಿದಳು. ಹೋದವನು ನಾನು ಹೆತ್ತವನು. ಉಳಿದವಳು ಇನ್ನೊಬ್ಬರು ಹೆತ್ತವಳು. ದೇವರು ಕಿತ್ತುಕೊಂಡ ಕೈಯಲ್ಲೇ ಕೊಟ್ಟ ಎಂದು ನಾನು ಕೈಮುಗಿದಿದ್ದೆ. ಅವಳ ಮಗಳು ನಮ್ಮಿಬ್ಬರ ನಡುವೆ ಮಲಗಿ ಬೆಳೆದಳು.

ಉರುಳೆಗಳ ಬಾಯಿಗೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿ ಇದೆ. ಬಟ್ಟೆಗಿಂತ ದಪ್ಪನೆಯದು ಏನು ಬಂದರೂ, ಬೆರಳೇ ಆಗಲಿ ಬೇರೇನೇ ಆಗಲಿ, ಆ ಪಟ್ಟಿಗೆ ತಾಗುತ್ತಿತ್ತು. ತಾಗಿದರೆ ರೋಲರ್ ತಾನಾಗಿ ನಿಲ್ಲುತ್ತಿತ್ತು. ಮೆಕ್ಯಾನಿಕ್ ಬಂದು ಮತ್ತೆ ಚಾಲೂ ಮಾಡುವವರೆಗೆ ನಾವು ನೀರು ಕುಡಿಯುತ್ತಿದ್ದೆವು. ಕಕ್ಕಸಿಗೆ ಹೋಗುತ್ತಿದ್ದೆವು. ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಿದ್ದೆವು. ಊಟದ ಹೊತ್ತು ಬಿಟ್ಟರೆ ನಮಗೆ ಬೇರೆ ಬಿಡುವು ಇರಲಿಲ್ಲ.

ಅದರಿಂದ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ಯಾರು ಶುರು ಮಾಡಿದರೋ ತಿಳಿಯದು. ನಾನು ಕೆಲಸಕ್ಕೆ ಸೇರುವ ಮೊದಲೇ ಇತ್ತು. ಎದುರಿನವಳ ಕಣ್ಣು ತೇಲುತ್ತಿದೆ, ತುಟಿ ಬಿಳಿಚಿದೆ, ಇನ್ನೇನು ಬೀಳುತ್ತಾಳೆ ಎಂದು ಕಂಡರೆ, ಈ ಕಡೆಯವಳು ಹಾಸಿನ ತುದಿಗೆ ಒಂದು ಗಂಟು ಹಾಕಿ ಉರುಳೆಗೆ ಕೊಡುವಳು. ಗಂಟು ಪಟ್ಟಿಗೆ ತಾಗುವುದು. ರೋಲರ್ ನಿಲ್ಲುವುದು. ತನಗೆ ಬಿಡುವು ಬೇಕೆಂದು ಯಾರೂ ಗಂಟು ಹಾಕುತ್ತಿರಲಿಲ್ಲ. ನಿನ್ನ ಗಂಟನ್ನು ಎದುರಿನವಳೇ ಹಾಕಬೇಕು. ಅವಳದನ್ನು ನೀನು ನೋಡಿಕೊಳ್ಳಬೇಕು. ನಾನು ದೇವರ ಪುಸ್ತಕವನ್ನು ಬೆಳಗಾಗೆದ್ದು ಓದುವವಳು. ಅದರಲ್ಲಿ ಓದಿದ್ದನ್ನು ಕಣ್ಣಾರೆ ಕಂಡದ್ದು ಆ ಗಂಟಿನಲ್ಲಿ ಮಾತ್ರ.

ಮೇಲಿನವರಿಗೆ ಇದು ತಿಳಿಯದು. ಅವರ ಪಾಲಿಗೆ ನಮ್ಮ ರೋಲರ್ ಮೊಂಡು ಯಂತ್ರ.

ಹೀಗಿರುವಾಗ ಒಂದು ದಿನ ಮೇಲಿನಿಂದ ಕುರ್ಚಿಗಳು ಬಂದವು. ಕೈ ಇರುವ, ಬೆನ್ನಿಗೆ ಮೆತ್ತೆ ಇರುವ ಕುರ್ಚಿಗಳು. ಅವುಗಳನ್ನು ಲಿಫ್ಟಿನಿಂದ ಇಳಿಸಿ ರೋಲರಿನ ಪಕ್ಕದಲ್ಲಿ ದುಂಡಗೆ ಜೋಡಿಸಿದರು. ಅವುಗಳ ಹಿಂದೆ ಮ್ಯಾನೇಜರು ಬಂದರು. ಮ್ಯಾನೇಜರ ಹಿಂದೆ ಒಬ್ಬರು ಮೇಡಂ ಬಂದರು. ಮೆತ್ತಗಿನ ದನಿಯವರು. ನಮ್ಮ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಮಾತಾಡಿಸಿದರು. ಸುಟ್ಟು ಗಡುಸಾದ ನಮ್ಮ ಕೈಗಳನ್ನು ಹಾಗೆ ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ.

ತಾವು ಮಾಡುವ ಕೆಲಸಕ್ಕೆ ಕ್ರಿಯಾ ಸಂಶೋಧನೆ ಎನ್ನುತ್ತಾರೆ ಎಂದರು. "ನಾನು ನಿಮ್ಮನ್ನ ಪರೀಕ್ಷೆ ಮಾಡೋಕೆ ಬಂದಿಲ್ಲ. ನಾವೆಲ್ಲ ಸೇರಿ ಕೆಲಸ ಹೇಗೆ ನಡೀತಿದೆ ಅಂತ ನೋಡೋಣ. ಒಂದು ಬದಲಾವಣೆ ಮಾಡೋಣ. ಏನಾಯ್ತು ಅಂತ ಮತ್ತೆ ಕೂತು ಯೋಚನೆ ಮಾಡೋಣ. ಅದು ಒಂದು ಸುತ್ತು. ಆಮೇಲೆ ಇನ್ನೊಂದು ಸುತ್ತು. ಹೀಗೆ ಸಂಸ್ಥೆ ಕಲೀತಾ ಹೋಗುತ್ತೆ."

"ಕಲಿಯೋದು ಸಂಸ್ಥೆ, ಶಾಲೆಗೆ ಬರೋದು ನಾವಾ ಮೇಡಂ?" ಎಂದಳು ಬಾಯಿಬಡಕಿ.

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು. ಅಂದಿನಿಂದ ಅವರು ನಮಗೆ ಸುತ್ತಿನ ಮೇಡಂ ಆದರು.

ಸುತ್ತು ನಡೆಯುವಾಗ ಹತ್ತಿ ತುಂಬಿದ ಒಂದು ಚೆಂಡು ಕೈಯಿಂದ ಕೈಗೆ ಹೋಗುತ್ತಿತ್ತು. ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಉಳಿದವರು ಕೇಳಬೇಕು, ಮ್ಯಾನೇಜರು ಕೂಡ. ಸುತ್ತು ಮುಗಿದ ಕೂಡಲೇ ಕುರ್ಚಿಗಳನ್ನು ಪೇರಿಸಿ ಮೇಲಕ್ಕೆ ಒಯ್ಯುತ್ತಿದ್ದರು. ಒಂದನ್ನಾದರೂ ಬಿಟ್ಟುಹೋಗಿ ಎಂದು ಬಾಯಿಬಡಕಿ ಒಮ್ಮೆ ಕೇಳಿದಳು. ಅದು ಮೀಟಿಂಗ್ ಕೋಣೆಯ ಸಾಮಾನು, ಇಲ್ಲಿನ ತೇವಕ್ಕೆ ಹಾಳಾಗುತ್ತದೆ ಎಂದರು.

ನನ್ನ ಸೊಸೆಗೆ ಆ ಸುತ್ತುಗಳೆಂದರೆ ಜೀವ. ಹಿಂದಿನ ದಿನವೇ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡುವಳು. ಗಂಡ ಬಿಟ್ಟುಹೋದವಳ ಮಾತನ್ನು ಯಾರು ಕೇಳುತ್ತಾರೆ? ಇಲ್ಲಿ ಕೇಳುತ್ತಿದ್ದರು. ಮೇಡಂ ಒಂದು ದಿನ ಕೇಳಿದರು, "ಯಾರೂ ಹೇಳಿಕೊಡದೆ ನೀವು ಒಬ್ಬರಿಗೊಬ್ಬರು ಮಾಡೋ ಸಹಾಯ ಏನಾದ್ರೂ ಇದೆಯಾ?"

ಚೆಂಡು ಅವಳ ಕೈಯಲ್ಲಿತ್ತು. ನಾನು ಅವಳ ಕಾಲು ತುಳಿದೆ. ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಗಂಟಿನ ವಿಷಯ ಹೇಳಿಬಿಟ್ಟಳು. ಎಂಥ ಸಂತೋಷದಿಂದ ಹೇಳಿದಳು. ಎದ್ದು ನಿಂತು, ಹಾಸಿನ ತುದಿಯನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿ, ಒಳಗಿಂದ ಎಳೆದು, ಗಂಟು ಹಾಕಿ ತೋರಿಸಿದಳು. ಮೇಡಂ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ. ನಾನು ನೋಡಿದ್ದೇನೆ.

ಮನೆಗೆ ಬಂದ ಮೇಲೆ ಬೈದೆ. "ನಾಲಿಗೆ ಮೇಲೆ ಹಿಡಿತ ಇಲ್ವಾ ನಿಂಗೆ?"

"ಅತ್ತೆ, ಅವರು ಒಳ್ಳೆಯವರು."

"ಒಳ್ಳೆಯವರೇ ಇರಬಹುದು. ಅವರ ಪಕ್ಕದಲ್ಲಿ ಕೂತಿದ್ದೋನು ಯಾರು?"

"ನೀವು ಯಾರನ್ನ ನಂಬಿದ್ದೀರಿ ಹೇಳಿ. ದೇವರನ್ನ ಬಿಟ್ಟು."



ಮುಂದಿನ ಸುತ್ತಿನಲ್ಲಿ ಮ್ಯಾನೇಜರು ಚೆಂಡು ಹಿಡಿದು ಮಾತಾಡಿದರು. "ರೋಲರ್ ಯಾಕೆ ನಿಲ್ಲುತ್ತೆ ಅಂತ ನಾವು ಎಲ್ಲೆಲ್ಲೋ ಹುಡುಕ್ತಿದ್ವಿ. ಉತ್ತರ ನಿಮ್ಮ ಹತ್ತಿರಾನೇ ಇತ್ತು. ನಾನು ಯಾರನ್ನೂ ಬೈಯೋದಿಲ್ಲ. ಇನ್ಮೇಲೆ ಕದ್ದು ಬಿಡುವು ತಗೊಳ್ಳೋದು ಬೇಡ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬಿಡುವು ಇಡೋಣ. ಕೂರೋದಕ್ಕೆ ಬೆಂಚು ಹಾಕಿಸೋಣ. ಒಪ್ಪಿಗೆ ಇದ್ದವರು ಕೈ ಎತ್ತಿ."

ಎಲ್ಲರೂ ಕೈ ಎತ್ತಿದೆವು. ನಾನೂ ಎತ್ತಿದೆ. ಬಾಯಿಬಡಕಿ ಎರಡು ಕೈಗಳನ್ನೂ ಎತ್ತಿದಳು. ಸೊಸೆ ನನ್ನ ಕಡೆ ನೋಡಿದಳು. ನೋಡಿದಿರಾ ಎನ್ನುವ ನೋಟ.

ಬಿಡುವು ಬರಲಿಲ್ಲ. ಬೆಂಚು ಬರಲಿಲ್ಲ. ಮೊದಲು ಬಂದವನು ಮೆಕ್ಯಾನಿಕ್. ಉರುಳೆಗಳ ಬಾಯಿಗಿದ್ದ ಪಟ್ಟಿಯನ್ನು ಮೇಲೆತ್ತಿ ಬೋಲ್ಟು ಬಿಗಿದ. ಇನ್ನು ಗಂಟು ಅದರ ಕೆಳಗೇ ನುಸುಳಿ ಹೋಗುತ್ತದೆ. ರೋಲರ್ ನಿಲ್ಲುವುದಿಲ್ಲ.

"ಏನಪ್ಪಾ ಇದು?" ಎಂದು ಕೇಳಿದೆ.

"ನಾನು ಬೇಡ ಅಂದೆ ಅಮ್ಮ. ಸುತ್ತಿನಲ್ಲಿ ತೀರ್ಮಾನ ಆಗಿದೆ, ನೀವೆಲ್ಲ ಕೈ ಎತ್ತಿದ್ದೀರಿ ಅಂದ್ರು." ಅವನು ನನ್ನ ಮುಖ ನೋಡದೆ ಸ್ಪ್ಯಾನರ್ ಒರೆಸಿಕೊಂಡ.

ಬಿಡುವಿನ ಮಾತು ಕೇಳಿದರೆ, ಅದು ಮುಂದಿನ ಸುತ್ತಿಗೆ ಎಂದರು ಮ್ಯಾನೇಜರು.

ಆ ದಿನ ಕೊಳವೆಯಿಂದ ಮೂಟೆಗಳು ಎಡೆಬಿಡದೆ ಬೀಳುತ್ತಿದ್ದವು. ಮೇಲೆ ಯಾವುದೋ ಜ್ವರ ಹಬ್ಬಿತ್ತು. ಬೆಳಗಿನಿಂದ ನನಗೆ ತಲೆ ಭಾರ. ಮಧ್ಯಾಹ್ನದ ಹೊತ್ತಿಗೆ ಎದುರಿಗಿದ್ದ ಸೊಸೆಯ ಮುಖ ನೀರಿನೊಳಗಿದ್ದ ಹಾಗೆ ಅಲುಗಾಡಿತು. ನನ್ನ ತುದಿ ಕೈಯಿಂದ ಜಾರಿತು. ಮಂಡಿ ಕುಸಿಯಿತು. ರೋಲರಿನ ಚೌಕಟ್ಟನ್ನು ಹಿಡಿದುಕೊಂಡೆ.

ಅವಳು ನೋಡಿದಳು. ನೋಡಿದ ಕೂಡಲೇ ತುದಿಯನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿ, ಒಳಗಿಂದ ಎಳೆದು, ಗಂಟನ್ನು ಉರುಳೆಯ ಬಾಯಿಗೆ ಕೊಟ್ಟಳು.

ಪಟ್ಟಿ ಎತ್ತಿದ್ದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳ ಕೈಗೆ ಗೊತ್ತಿರಲಿಲ್ಲ. ಆ ಕೈ ವರ್ಷಾನುಗಟ್ಟಲೆ ಕಲಿತದ್ದು ಒಂದೇ ಪಾಠ. ಎದುರಿನವಳು ಬೀಳುತ್ತಿದ್ದರೆ ಗಂಟು ಹಾಕು.

ಗಂಟು ಒಳಗೆ ಹೋಯಿತು. ರೋಲರ್ ನಿಲ್ಲಲಿಲ್ಲ. ಸುತ್ತಿನೊಳಗಿಂದ ಕೈ ತೆಗೆಯುವ ಮೊದಲೇ ಹಾಸು ಮಣಿಕಟ್ಟಿಗೆ ಬಿಗಿಯಿತು. ಕೈ ಹೋಯಿತು. ಮೊಣಕೈ ಹೋಯಿತು. ಅವಳು ಕೂಗಿದ್ದು "ಅತ್ತೆ" ಎಂದು. ಉರುಳೆಗಳ ಆ ಕಡೆಯಿಂದ ಬಟ್ಟೆ ಒಣಗಿ, ಚಪ್ಪಟೆಯಾಗಿ, ಕೆಂಪಾಗಿ ಹೊರಬಂತು. ಮಡಿಸುವ ಮೇಜಿನ ಹತ್ತಿರ ಬಾಯಿಬಡಕಿ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಅವಳು ಸತ್ತದ್ದು ಮೇಲಿನ ಮಹಡಿಯಲ್ಲಿ, ನಾವು ಒತ್ತಿ ಕಳಿಸಿದ ಹಾಸಿನ ಮೇಲೆ. ಆ ಹಾಸೂ ಕೊಳವೆಯಿಂದ ಕೆಳಗೆ ಬಿದ್ದಿರಬೇಕು. ಎಲ್ಲ ಹಾಸುಗಳೂ ಒಂದೇ ಥರ. ಅದು ನಮ್ಮ ಕೈ ದಾಟಿ ಹೋಗಿದೆ, ಯಾವುದೆಂದು ನಮಗೆ ಗುರುತು ಸಿಗಲಿಲ್ಲ. ಸತ್ತ ಮರುದಿನವೇ ರೋಲರ್ ತಿರುಗುತ್ತಿತ್ತು.

ಸುತ್ತಿನ ಮೇಡಂ ಮನೆಗೆ ಬಂದರು. ಹಣ್ಣು ತಂದಿದ್ದರು. ಅವರ ಹಿಂದೆ ಮ್ಯಾನೇಜರು. ಮೇಡಂ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಅತ್ತರು. ಮ್ಯಾನೇಜರು ಕೂರಲು ಜಾಗ ಹುಡುಕಿ, ಕುರ್ಚಿ ಕಾಣದೆ, ಬಾಗಿಲಿಗೆ ಒರಗಿ ನಿಂತರು.

"ಇದನ್ನ ಹೀಗೇ ಬಿಟ್ರೆ ಅವರ ಸಾವಿಗೆ ಅರ್ಥ ಇರೋದಿಲ್ಲ ಅಮ್ಮ," ಎಂದರು ಮೇಡಂ. "ಒಂದು ಸುತ್ತು ಕೂರೋಣ. ಇದರಿಂದ ನಾವೆಲ್ಲ ಏನು ಕಲಿತ್ವಿ ಅಂತ ಮಾತಾಡೋಣ. ನೀವು ಮೊದಲು ಮಾತಾಡಿದ್ರೆ ಉಳಿದವರಿಗೆ ಧೈರ್ಯ ಬರುತ್ತೆ."

"ಏನು ಮಾತಾಡ್ಲಿ?"

ಉತ್ತರ ಬಾಗಿಲಿನಿಂದ ಬಂತು. "ಯಾರ ಮೇಲೂ ತಪ್ಪು ಹೊರಿಸೋದು ಬೇಡ. ಪಟ್ಟಿ ಎತ್ತಿದ್ದು ನಾವೆಲ್ಲ ಸೇರಿ ಮಾಡಿದ ಬದಲಾವಣೆ. ಆ ಕ್ಷಣದಲ್ಲಿ ಅವಳು ಮರೆತಳು. ಇಷ್ಟು ಹೇಳಿದ್ರೆ ಸಾಕು."

"ನಾವು ಕೈ ಎತ್ತಿದ್ದು ಬಿಡುವಿಗೆ."

"ಎರಡೂ ಒಂದೇ ತೀರ್ಮಾನ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಡೆ ನೋಡಿದರು. "ಅವಳ ಜಾಗ ಹಾಗೇ ಇದೆ. ಓದು ಮುಗಿಸಿ ಮನೇಲಿದಾಳಂತಲ್ಲ ಹುಡುಗಿ. ಸುತ್ತು ಚೆನ್ನಾಗಿ ಮುಗಿದ್ರೆ ಬರಲಿ. ಅಜ್ಜಿ ಎದುರಿಗೇ ನಿಲ್ಲಿಸ್ತೀವಿ. ನಿಮ್ಮ ಕಣ್ಣ ಮುಂದೇನೇ ಇರ್ತಾಳೆ."

"ಪಟ್ಟಿ ಇಳಿಸಿದ್ದೀರಾ?"

"ಅದು ಮುಂದಿನ ಸುತ್ತಿನಲ್ಲಿ ಚರ್ಚೆಗೆ ಬರುತ್ತೆ."

ಮೇಡಂ ತಲೆ ತಗ್ಗಿಸಿ ಹಣ್ಣಿನ ಚೀಲದ ಬಾಯಿ ಮಡಚುತ್ತಿದ್ದರು. ಅವರು ಹೋದ ಮೇಲೆ ಮೊಮ್ಮಗಳು ನನ್ನ ಹತ್ತಿರ ಬಂದು ಕೂತಳು.

"ಅಜ್ಜಿ, ನಾನು ಹೋಗ್ತೀನಿ. ನಿಮ್ಮ ಒಬ್ಬರ ದುಡಿಮೆಯಲ್ಲಿ ಆಗೋದಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಅವಳ ಅಮ್ಮನೂ ಹಾಗೇ ಮಾಡುತ್ತಿದ್ದಳು. ನಾನು ಎದ್ದು ದೇವರ ಮುಂದೆ ಹೋಗಿ ನಿಂತೆ. ಏನು ಮಾಡಲಿ ಎಂದು ಕೇಳಿದೆ. ದೇವರು ಮಾತಾಡಲಿಲ್ಲ. ನನಗೆ ಗೊತ್ತಿರುವುದನ್ನೇ ಅವನು ಮತ್ತೆ ಯಾಕೆ ಹೇಳಬೇಕು ಎಂದುಕೊಂಡೆ.

ಕುರ್ಚಿಗಳು ಮತ್ತೆ ಬಂದವು. ಮೊಮ್ಮಗಳನ್ನೂ ಕರೆತನ್ನಿ ಎಂದಿದ್ದರು, ಕರೆದುಕೊಂಡು ಹೋಗಿದ್ದೆ. ಅವಳು ಆ ಕೋಣೆಯನ್ನು ನೋಡಿದ್ದು ಅದೇ ಮೊದಲು. ರೋಲರ್ ನಿಲ್ಲಿಸಿರಲಿಲ್ಲ. ಒಮ್ಮೆ ಆರಿದರೆ ಮತ್ತೆ ಕಾಯಲು ಹೊತ್ತು ಹಿಡಿಯುತ್ತದೆ ಎಂದು ಬರಿದೇ ತಿರುಗಲು ಬಿಟ್ಟಿದ್ದರು. ಸುತ್ತಿನ ನಡುವೆ ಒಂದು ಕುರ್ಚಿಯನ್ನು ಖಾಲಿ ಇಟ್ಟು ಅದರ ಮೇಲೆ ಬಿಳಿ ಹೂ ಇಟ್ಟಿದ್ದರು.

"ಇದು ಅವರ ಕುರ್ಚಿ," ಎಂದರು ಮೇಡಂ.

 ಮೇಡಂ ಚೆಂಡನ್ನು ಬಾಯಿಬಡಕಿಯ ಕೈಗೆ ಕೊಟ್ಟರು. ಅವಳು ಅದನ್ನು ನೋಡಿದಳು. ಆ ದಿನದಿಂದ ಅವಳು ಮಾತಾಡಿದ್ದನ್ನು ನಾವು ಕೇಳಿಲ್ಲ. ಚೆಂಡನ್ನು ಪಕ್ಕದವಳಿಗೆ ಕೊಟ್ಟಳು. ಪಕ್ಕದವಳು ತನ್ನ ಪಕ್ಕದವಳಿಗೆ. ಚೆಂಡು ಮಾತಿಲ್ಲದೆ ಸುತ್ತಿ ಬಂತು. ಉರುಳೆಗಳ ಸದ್ದು ಮಾತ್ರ. ಕೊಳವೆಯಲ್ಲಿ ಒಂದು ಮೂಟೆ ಬಿತ್ತು. ಭಾರದ್ದು.

ಚೆಂಡು ನನ್ನ ಕೈಗೆ ಬಂತು.

ನಾನು ಎದ್ದೆ. ಚೆಂಡನ್ನು ಕೊಳೆಬಟ್ಟೆಯ ಬುಟ್ಟಿಗೆ ಹಾಕಿದೆ. ಪಕ್ಕದ ಬುಟ್ಟಿಯಿಂದ ಒಂದು ಒದ್ದೆ ಹಾಸು ಎತ್ತಿಕೊಂಡೆ. ಅದರ ತುದಿಯನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿ, ಒಳಗಿಂದ ಎಳೆದು, ಗಂಟು ಹಾಕಿದೆ. ಗಂಟಿನ ತುದಿಯನ್ನು ಮ್ಯಾನೇಜರ ಕೈಗೆ ಕೊಟ್ಟೆ. ಏನೆಂದು ತಿಳಿಯದೆ ಅವರು ಹಿಡಿದುಕೊಂಡರು. ನೀರು ಅವರ ಬೂಟಿನ ಮೇಲೆ ತೊಟ್ಟಿಕ್ಕಿತು.

"ಅಲ್ಲಿ ಹೋಗಿ ರೋಲರ್‌ಗೆ ಕೊಡಿ ಸರ್," ಎಂದೆ.

"ಏನಮ್ಮ ಇದು?"

"ನಾವೆಲ್ಲ ಸೇರಿ ಮಾಡಿದ ಬದಲಾವಣೆ ಅಲ್ವಾ. ನಾನು ಈ ತುದಿ ಹಿಡೀತೀನಿ. ನೀವು ಆ ತುದಿ ಹಿಡೀರಿ. ಕೊಡಿ."

ನಾನು ಹಾಸಿನ ನನ್ನ ತುದಿಯನ್ನು ಹಿಡಿದು ರೋಲರಿನ ಕಡೆ ನಡೆದೆ. ಹಾಸು ಬಿಗಿಯಾಯಿತು. ಅವರು ಎರಡು ಹೆಜ್ಜೆ ಬಂದರು, ಎಳೆತಕ್ಕೆ ಬಂದರು. ಉರುಳೆಗಳ ಬಿಸಿ ಮುಖಕ್ಕೆ ಹೊಡೆಯಿತು. ಅವರು ಕೈಬಿಟ್ಟರು. ಗಂಟು ನೆಲಕ್ಕೆ ಬಿತ್ತು. ಅವರು ಎರಡು ಕೈಗಳನ್ನೂ ಎದೆಗೆ ಒತ್ತಿ ಹಿಡಿದುಕೊಂಡಿದ್ದರು, ಮಗುವನ್ನು ಹಿಡಿದುಕೊಂಡ ಹಾಗೆ.

"ಕೈ ಯಾಕೆ ತೆಗೆದ್ರಿ?" ಎಂದೆ. "ಅವಳು ಮರೆತಳು ಅಂದ್ರಲ್ಲ. ನಿಮಗೆ ಎಷ್ಟು ಚೆನ್ನಾಗಿ ನೆನಪಿದೆ."

ಮೇಡಂ ಎದ್ದರು. "ಅಮ್ಮ, ನಿಮ್ಮ ಕೋಪ ನನಗೆ ಅರ್ಥ ಆಗುತ್ತೆ. ಕೋಪಾನೂ ಕಲಿಕೆಯ ಒಂದು ಭಾಗ. ಇದರ ಬಗ್ಗೆನೇ ಮಾತಾಡೋಣ."

"ಬೇಡ ತಾಯಿ. ಅವಳು ಗಂಟಿನ ಗುಟ್ಟು ಕೊಟ್ಟಳು, ನೀವು ಪಟ್ಟಿ ಎತ್ತಿದ್ರಿ. ಈಗ ಅವಳ ಸಾವು ಕೇಳ್ತಿದ್ದೀರಿ. ಇದನ್ನ ಕೊಟ್ರೆ ಇನ್ನೇನು ಎತ್ತುತ್ತೀರೋ. ನನ್ನ ಸೊಸೆ ನಿಮ್ಮ ಪಾಠ ಅಲ್ಲ. ಅವಳಿಂದ ನಾವೇನೂ ಕಲಿಯಲಿಲ್ಲ ಅಂತ ಬರ್ಕೊಳ್ಳಿ. ಅವಳನ್ನ ಕೊಂದ್ರು. ಅಷ್ಟೇ."

ಮೇಡಂ ಕುರ್ಚಿಯ ಕೈ ಹಿಡಿದು ಮತ್ತೆ ಕೂತರು.  ಅವರನ್ನು ಕಂಡು ಒಂದು ಗಳಿಗೆ ನನಗೆ ಕನಿಕರವಾಯಿತು. ಅದನ್ನೂ ನಾನು ಅವರಿಗೆ ಕೊಡಲಿಲ್ಲ.

ಮ್ಯಾನೇಜರು ಅಂಗಿ ಸರಿಮಾಡಿಕೊಂಡು ಗಡಿಯಾರ ನೋಡಿದರು. "ಇವತ್ತಿಗೆ ಸಾಕು. ಕುರ್ಚಿ ಮೇಲಕ್ಕೆ ಕಳಿಸಿ. ಎಲ್ಲರೂ ಕೆಲಸಕ್ಕೆ ನಡೀರಿ." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ನಿನ್ನ ಜಾಗ ಅಲ್ಲಿದೆಯಮ್ಮ. ಅಜ್ಜಿಗೆ ವಯಸ್ಸಾಯ್ತು. ನಿನಗೆ ಬುದ್ಧಿ ಇದೆ."

ಅವರ ಬೆರಳು ರೋಲರಿನ ಆ ತುದಿಯನ್ನು ತೋರಿಸುತ್ತಿತ್ತು. ಮೊಮ್ಮಗಳು ಆ ಕಡೆ ಒಂದು ಹೆಜ್ಜೆ ಇಟ್ಟಳು.  ಇಷ್ಟು ವಯಸ್ಸಿನಲ್ಲಿ ದೇವರನ್ನು ನಾನು ಎಂದೂ ಅಷ್ಟು ಗಟ್ಟಿಯಾಗಿ ಕರೆದಿಲ್ಲ, ಬಾಯಿಬಿಟ್ಟು ಒಂದಕ್ಷರ ಹೇಳದೆ.

ಅವಳು ಖಾಲಿ ಕುರ್ಚಿಯ ಹತ್ತಿರ ನಿಂತಳು. ಹೂವನ್ನು ಎತ್ತಿ ಮೇಡಂ ಕೈಯಲ್ಲಿಟ್ಟಳು.

"ಅಮ್ಮಂಗೆ ಇಲ್ಲಿ ಕುರ್ಚಿ ಇರ್ಲಿಲ್ಲ," ಎಂದಳು. ಆ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತಳು.

ನಾನು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ಉಳಿದವರು ಎದ್ದೇ ಇರಲಿಲ್ಲ. ಕುರ್ಚಿ ಒಯ್ಯಲು ಬಂದಿದ್ದ ಆಳುಗಳು ಲಿಫ್ಟಿನ ಹತ್ತಿರ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೇಳಿಸ್ಲಿಲ್ವಾ? ಏಳಿ," ಎಂದರು ಮ್ಯಾನೇಜರು.

"ಇದು ಮೀಟಿಂಗ್ ಕೋಣೆಯ ಸಾಮಾನು ಸರ್," ಎಂದಳು ಬಾಯಿಬಡಕಿ. ಅಷ್ಟು ದಿನದ ಮೇಲೆ ಬಂದ ಅವಳ ದನಿ ಒಡೆದಿತ್ತು. "ಇಲ್ಲಿನ ತೇವಕ್ಕೆ ಹಾಳಾದ್ರೆ ಆಗಲಿ."

ಯಾರೂ ನಗಲಿಲ್ಲ.

ಮ್ಯಾನೇಜರು ಮೇಲೆ ಹೋದರು. ಮೇಡಂ ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿ ತಾವೂ ಹೋದರು. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ರೋಲರಿನ ಹತ್ತಿರ ನಿಂತಿದ್ದ. ಪಟ್ಟಿಯನ್ನು ನೋಡಿದ. ಲಿಫ್ಟನ್ನು ನೋಡಿದ. ಬೋಲ್ಟಿಗೆ ಕೈ ಹಾಕಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ.

ಉರುಳೆಗಳು ಬರಿದೇ ತಿರುಗುತ್ತಿದ್ದವು. ಕೊಳವೆಯಿಂದ ಮೂಟೆಗಳು ಬೀಳುತ್ತಲೇ ಇದ್ದವು. ಬುಟ್ಟಿ ತುಂಬಿತು. ನೆಲಕ್ಕೆ ಬಿದ್ದವು. ಒಂದರ ಮೇಲೊಂದು ಏರಿ ಕೊಳವೆಯ ಬಾಯಿ ಮುಚ್ಚಿತು. ಆಮೇಲೆ ಮೂಟೆ ಕೆಳಗೆ ಬರಲಿಲ್ಲ. ಗೋಡೆಯೊಳಗೇ, ನಮ್ಮ ತಲೆಯ ಮೇಲೆ ಎಲ್ಲೋ, ಮೂಟೆಗೆ ಮೂಟೆ ತಾಗುವ ಸದ್ದು ಕೇಳುತ್ತಿತ್ತು. ಅದು ಮೇಲೆ ಮೇಲೆ ಹೋಗುತ್ತಿತ್ತು.

ಲಿಫ್ಟು ಕೆಳಗಿಳಿಯುವ ಸದ್ದಾಯಿತು. ಈ ಸಲ ಅದರಲ್ಲಿ ತುಂಬ ಜನ ಇದ್ದರು, ಬೂಟುಗಳ ಸದ್ದಿನಿಂದ ತಿಳಿಯುತ್ತಿತ್ತು. ನಾನು ಮೊಮ್ಮಗಳ ಕೈ ಹಿಡಿಯಲು ಕೈ ಚಾಚಿದೆ. ಅವಳು ಎರಡು ಕೈಯಲ್ಲೂ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ನಾನೂ ನನ್ನ ಕುರ್ಚಿಯನ್ನು ಹಿಡಿದುಕೊಂಡೆ.